ಸಾವ್ಕಾರರ ಕುದುರೆಗೊಂದು ಜೊತೆ

ಪುಟ್ಟಿಗೊಂದು ಜೊತೆ ಹುಡುಕಲು ನಮ್ಮ ಸಾವ್ಕಾರರ ಮನೆಯಲ್ಲಿ ನಡೆದಷ್ಟು ಮೀಟಿಂಗು ಅವರ ಮಗಳಿಗೆ ಗಂಡು ಹುಡುಕುವಾಗಲೂ ನಡೆದಿಲ್ಲ.

ಪುಟ್ಟಿ ಎಂದರೆ ಕುದುರೆ. ಹತ್ತೊಂಬತ್ತು ವರ್ಷದ ಹೆಣ್ಣು ಕುದುರೆ, ಕಂದು ಬಣ್ಣ, ಹಣೆಯ ಮೇಲೆ ಸುಣ್ಣದ ಬೆರಳು ಒರೆಸಿದಷ್ಟು ಬಿಳಿ. ಕಾಗದದಲ್ಲಿ ಅವಳಿಗೆ ಉದ್ದದೊಂದು ಇಂಗ್ಲಿಷ್ ಹೆಸರಿದೆ, ಅದು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ನಾನು ಓಬಳಯ್ಯ. ಕುಣಿಗಲ್ ಕಡೆಯ ಒಂದು ಕುದುರೆ ಫಾರಂನಲ್ಲಿ ಮೂವತ್ತು ವರ್ಷ ಲಾಯದ ಕೆಲಸ ಮಾಡಿದವನು. ಪುಟ್ಟಿ ತಾಯಿಯ ಹೊಟ್ಟೆಯಿಂದ ಹೊರಬಿದ್ದಾಗ ಅವಳ ಮೂಗಿನ ಲೋಳೆ ಒರೆಸಿದ್ದು ಈ ಕೈ. ಅವಳು ಮರಿ ಹಾಕುವ ವಯಸ್ಸು ಮುಗಿಸಿದ ವರ್ಷವೇ ನಾನೂ ರಿಟೈರಾದೆ. ಇಬ್ಬರನ್ನೂ ಒಟ್ಟಿಗೆ ತುಮಕೂರಿಗೆ ತಂದವರು ನಮ್ಮ ಸಾವ್ಕಾರರು, ಮಹಾದೇವಯ್ಯನವರು.

ಮಹಾದೇವಯ್ಯನವರಿಗೆ ಬಟವಾಡಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಶೆಟ್ಟಿಹಳ್ಳಿಯಲ್ಲಿ ಮೂರು ಅಂತಸ್ತಿನ ಮನೆ, ಮನೆಯ ಹಿಂದೆ ಎರಡು ಖಾಲಿ ಸೈಟು. ಖಾಲಿ ಸೈಟಿನಲ್ಲಿ ಬೇರೆಯವರು ಕಾರು ನಿಲ್ಲಿಸುತ್ತಾರೆ, ಇವರಿಗೆ ಕುದುರೆ ನಿಲ್ಲಿಸುವ ಆಸೆ ಹುಟ್ಟಿತು. ಪುಟ್ಟಿಯ ಜೊತೆ ಒಂದು ಬಿಳಿ ಕುದುರೆಯನ್ನೂ ತಂದರು. ಮೂರು ತಿಂಗಳಿಗೆ ಅದರ ಮೇಲಿನ ಆಸೆ ತೀರಿ, ಅದನ್ನು ಮಠಕ್ಕೆ ದಾನ ಕೊಟ್ಟರು. ಶಿರಾ ಗೇಟಿನಿಂದ ಶೆಟ್ಟಿಹಳ್ಳಿಯವರೆಗೆ ಫ್ಲೆಕ್ಸು ಬಿದ್ದವು. ಫ್ಲೆಕ್ಸಿನಲ್ಲಿ ಕುದುರೆ ಅರ್ಧ, ಸಾವ್ಕಾರರು ಪೂರ್ತಿ.

ಹಿಂದೆ ಉಳಿದ ಪುಟ್ಟಿಯನ್ನು ಯಾರೂ ಕೇಳಲಿಲ್ಲ. ಬಿಳಿ ಕುದುರೆ ಹೋದ ದಿನದಿಂದ ಅವಳು ಲಾಯದ ಬಾಗಿಲಲ್ಲಿ ನಿಂತು ಎಡಕ್ಕೆ ಬಲಕ್ಕೆ ತೂಗಾಡಲು ಶುರು ಮಾಡಿದಳು. ಬೆಳಗಿನಿಂದ ಸಂಜೆಯವರೆಗೆ ಅದೇ. ಹುರುಳಿ ಇಟ್ಟರೆ ಮೂಸಿ ಬಿಡುತ್ತಿದ್ದಳು. ತಿಂಗಳಲ್ಲಿ ಪಕ್ಕೆಯ ಎಲುಬು ಎಣಿಸುವಂತಾಯಿತು. ನನ್ನ ಸ್ವಂತ ಮಕ್ಕಳು ಊಟ ಬಿಟ್ಟಾಗಲೂ ನಾನು ಅಷ್ಟು ಒದ್ದಾಡಿದವನಲ್ಲ, ಅದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ.

"ಕುದ್ರೆ ಒಂಟಿ ಬಾಳೋ ಪ್ರಾಣಿ ಅಲ್ಲ ಸಾವ್ಕಾರ್ರೆ," ಎಂದೆ. "ಇನ್ನೊಂದು ಕುದ್ರೇನೇ ಆಗ್ಬೇಕು ಅಂತಿಲ್ಲ. ಚಿಕ್ಕದೊಂದು ಪ್ರಾಣಿ ಜೊತೆಗಿದ್ರೆ ಸಾಕು, ತಿನ್ನೋಕೆ ಶುರು ಮಾಡ್ತಾಳೆ."

ಅಲ್ಲಿಂದ ಶುರುವಾದವು ಮೀಟಿಂಗುಗಳು. ಹಾಲಿನ ಸೋಫಾದ ಮೇಲೆ ಸಾವ್ಕಾರರು, ಅವರ ಹೆಂಡತಿ ಶಿವರುದ್ರಮ್ಮನವರು, ಕಾಲೇಜು ಮುಗಿಸಿ ಮನೆಯಲ್ಲಿರುವ ಮಗಳು ನಂದಿತಾ. ಬಾಗಿಲ ಹತ್ತಿರ ನಿಂತವನು ನಾನು.

ನಂದಿತಾ ಮೊಲ ಎಂದಳು. ಪುಟ್ಟಿ ಒಂದು ಸಲ ಕಾಲು ಎತ್ತಿಟ್ಟರೆ ಮೊಲ ಚಪಾತಿ ಆಗುತ್ತದೆ ಎಂದು ನಾನು ಹೇಳಿದೆ. ಹಾಗಾದರೆ ಬಾತುಕೋಳಿ ಎಂದಳು.

"ಮೊಟ್ಟೆ ಇಡುತ್ತೆ," ಎಂದರು ಶಿವರುದ್ರಮ್ಮನವರು. "ನಮ್ಮನೇಲಿ ಮೊಟ್ಟೆ ಇಟ್ರೆ ಅದನ್ನ ಯಾರು ಎತ್ತೋದು?"

ಕತ್ತೆಯ ಮಾತು ನಾನೇ ಎತ್ತಿದೆ.

"ಕತ್ತೆ ತಂದು ಕಟ್ಟಿದ್ರೆ ಕುದ್ರೆ ನೋಡೋಕ್ ಬಂದವ್ರು ಮೊದ್ಲು ಕತ್ತೆ ನೋಡ್ತಾರೆ. ಆಮೇಲೆ ನನ್ನ ಮುಖ ನೋಡ್ತಾರೆ. ಬೇಡ," ಎಂದರು ಸಾವ್ಕಾರರು.

ಕೊನೆಗೆ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. "ಮೇಕೆ ಮರಿ ಸಾವ್ಕಾರ್ರೆ. ಫಾರಂನಲ್ಲಿ ಗಾಬರಿ ಬೀಳೋ ಕುದ್ರೆ ಜೊತೆ ಮೇಕೇನೇ ಬಿಡ್ತಿದ್ದಿದ್ದು."

ಶಿವರುದ್ರಮ್ಮನವರು ಕೊರಳಿನ ಲಿಂಗ ಮುಟ್ಟಿಕೊಂಡರು.

"ನಾವು ಮೇಕೆ ಕಟ್ಟಿದ್ರೆ ಬೀದಿಯವ್ರೆಲ್ಲ ಊಟ ಯಾವತ್ತು ಅಂತ ಕೇಳ್ತಾರೆ ಕಣೋ ಓಬಳಯ್ಯ," ಎಂದರು ಸಾವ್ಕಾರರು.

ಎರಡು ವಾರ ಹೀಗೆ ಹೋಯಿತು. ಬೀದಿಯವರು ಏನೆನ್ನುತ್ತಾರೆ, ಬೀಗರಾಗುವವರು ಏನೆನ್ನುತ್ತಾರೆ, ಮಠದವರು ಏನೆನ್ನುತ್ತಾರೆ ಎಂಬುದೆಲ್ಲ ಚರ್ಚೆಯಾಯಿತು. ಪುಟ್ಟಿ ಏನೆನ್ನುತ್ತಾಳೆ ಎಂದು ಒಬ್ಬರೂ ಹಿತ್ತಲಿಗೆ ಬಂದು ನೋಡಲಿಲ್ಲ.

ಆಷಾಢದಲ್ಲಿ ಒಂದು ದಿನ ಟೆಂಪೋ ಬಂದು ನಿಂತಿತು. ಆಂಧ್ರದ ಕಡೆಯಿಂದ ತರಿಸಿದ ಗಿಡ್ಡ ತಳಿಯ ಕರು. ಮೊಣಕಾಲೆತ್ತರ, ಹಾಲಿನ ಬಣ್ಣ, ಕಾಡಿಗೆ ತೀಡಿದಂಥ ಕಣ್ಣು. ಸತ್ಯ ಹೇಳಬೇಕೆಂದರೆ ಮುದ್ದಾಗಿಯೇ ಇತ್ತು. ಮೇಕೆಯಷ್ಟೇ ಚಿಕ್ಕದು, ಮೇಕೆ ಎಂಬ ಹೆಸರಿಲ್ಲ. ಹೇಗೋ ಪುಟ್ಟಿಯ ಕಷ್ಟ ಕಳೆಯಿತು ಎಂದುಕೊಂಡು ನಾನು ಲಾಯದಲ್ಲಿ ಒಣಹುಲ್ಲು ಹರಡಿ ಬಂದೆ.

ಟೆಂಪೋದಿಂದ ಇಳಿಸುವಾಗ ಶಿವರುದ್ರಮ್ಮನವರು ಬಗ್ಗಿ ನೋಡಿದರು. ಗಂಡು ಕರು. ತಕ್ಷಣ ಸೆರಗು ಹೊದ್ದು ಅದರ ಗೊರಸಿಗೆ ಕೈ ಮುಗಿದರು. "ಬಸವಣ್ಣ ಮನೆಗೆ ಬಂದವ್ನೆ," ಎಂದರು.

ಅಲ್ಲಿಗೆ ಮುಗಿಯಿತು. ಕರು ಟೆಂಪೋದಿಂದ ನೇರ ಹಾಲಿಗೆ ಹೋಯಿತು. ಮಾರ್ಬಲ್ ಮೇಲೆ ಕಾಲು ಜಾರುತ್ತದೆ ಎಂದು ಕಾರ್ಪೆಟ್ ಬಂತು. ಕೊರಳಿಗೆ ಗಂಟೆ, ಹಣೆಗೆ ವಿಭೂತಿ, ಸೋಮವಾರ ಸೋಮವಾರ ಆರತಿ. ಪಕ್ಕದ ಬೀದಿಯವರೆಲ್ಲ ಬಾಳೆಹಣ್ಣು ಹಿಡಿದು ಬಂದರು. ಕರುವಿಗೆ ಬಾಳೆಹಣ್ಣು ಹೆಚ್ಚಾಗಿ ಭೇದಿಯಾಯಿತು, ಕಾರ್ಪೆಟ್ ಬದಲಾಯಿತು. ಒಂದು ವಾರ ಕಾದು ನಾನು ಕೇಳಿಯೇಬಿಟ್ಟೆ.

"ಅಮ್ಮಾರೆ, ಇದನ್ನ ತಂದಿದ್ದು ಪುಟ್ಟಿ ಜೊತೆಗೆ ಅಂತ ಅಲ್ವಾ?"

"ಬಸವಣ್ಣನ್ನ ತಗೊಂಡೋಗಿ ಕುದ್ರೆ ಲಾಯದಲ್ಲಿ ಕಟ್ತಾರೇನೋ?" ಎಂದು ಅವರು ನನ್ನನ್ನೇ ಕೇಳಿದರು. ಸಾವ್ಕಾರರು ಪೇಪರಿನಿಂದ ತಲೆ ಎತ್ತಲಿಲ್ಲ.

ಹೀಗೆ ಕುದುರೆಗೆಂದು ತಂದ ಜೊತೆ ಮನೆಯವರಿಗೆ ದೇವರಾಯಿತು. ಕುದುರೆ ಒಂಟಿಯಾಗಿಯೇ ಉಳಿಯಿತು. ಆ ದಿನಗಳಲ್ಲಿ ಶಿರಾ ಗೇಟಿನ ಗುರುಪ್ರಕಾಶ್ ಎಂಬ ಬ್ಯಾಂಡ್ ಸೆಟ್ಟಿನವನು ಬಂದು ಪುಟ್ಟಿಯ ಸುತ್ತ ಎರಡು ಸುತ್ತು ಹಾಕಿದ. ಮದುವೆ ಮೆರವಣಿಗೆಗೆ ಅವನಿಗೊಂದು ಸಾಧು ಕುದುರೆ ಬೇಕಾಗಿತ್ತು. ದೀಪಾವಳಿಯೊಳಗೆ ಇದು ಸುಧಾರಿಸದಿದ್ದರೆ ಹೊಡೆದುಕೊಂಡು ಹೋಗು ಎಂದು ಸಾವ್ಕಾರರು ಅವನಿಗೆ ಮಾತು ಕೊಟ್ಟರು. ಕಿವಿಯ ಪಕ್ಕ ಡ್ರಮ್ಮು, ಕಾಲ ಕೆಳಗೆ ಪಟಾಕಿ, ಬೆನ್ನ ಮೇಲೆ ಕೋಟು ಹಾಕಿಕೊಂಡ ನೂರು ಕಿಲೋ ಗಂಡು. ಗಾಬರಿಯ ಪುಟ್ಟಿ ಒಂದು ಸೀಸನ್ ಬದುಕುತ್ತಿರಲಿಲ್ಲ. ನನಗೆ ಸಾವ್ಕಾರರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗ ನನ್ನ ಮನೆಯ ಮೇಕೆಯ ನೆನಪಾಯಿತು.

ನಮ್ಮೂರು ಗುಬ್ಬಿಯ ಹತ್ತಿರ. ಮನೆಯಲ್ಲಿ ಒಂದು ಹೋತದ ಮರಿಯಿತ್ತು, ಕಪ್ಪು ಮೈ, ಬಿಳಿ ಕಿವಿ. ಆದರೆ ಅದು ನಮ್ಮದಲ್ಲ, ನಮ್ಮೂರ ಕೆಂಪಮ್ಮ ದೇವಿಯದು. ಹಿಂದಿನ ವರ್ಷ ಫಾರಂನಲ್ಲಿ ಒಂದು ಗಂಡು ಕುದುರೆ ನನ್ನ ಹೊಟ್ಟೆಗೆ ಒದ್ದು ನಾನು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದೆ. ಆಗ ನನ್ನ ಹೆಂಡತಿ ಚಿಕ್ಕಗಂಗಮ್ಮ ದೇವಿಯ ಮುಂದೆ ನಿಂತು, ನನ್ನ ಗಂಡನ ಜೀವ ಉಳಿಸು, ಬದಲಿಗೆ ಒಂದು ಜೀವ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದಳು. ನಾನು ಎದ್ದು ಕೂತ ಮೇಲೆ ಮರಿ ತಂದು, ದೇವಿಗೆ ತೋರಿಸಿ, ಕೊರಳಿಗೆ ಅರಿಶಿನದ ದಾರ ಕಟ್ಟಿದಳು. ಅದು ಬೆಳೆದು ಹೋತವಾಗಲಿ ಎಂದು ಕಾಯುತ್ತಿದ್ದಳು.

"ಅಲ್ಲಿ ಕುದ್ರೆ ಸೊಪ್ಪು, ಹುರುಳಿ ಬೇಕಾದಷ್ಟಿದೆ. ಸ್ವಲ್ಪ ದಿನ ತಗೊಂಡೋಗಿ ಮೇಯಿಸ್ತೀನಿ," ಎಂದೆ.

"ತಾಯಿಗೆ ಕೊಡೋದು ಕೊಬ್ಬಿರ್ಲಿ, ತಗೊಂಡೋಗು," ಎಂದು ಅವಳು ಖುಷಿಯಿಂದಲೇ ಹಗ್ಗ ಕೊಟ್ಟಳು.

ಸಾವ್ಕಾರರಿಗೆ ಬೇರೆ ಸುಳ್ಳು ಹೇಳಿದೆ. ಮೇಕೆಯ ವಾಸನೆ ಕುದುರೆಗೆ ಔಷಧಿ, ಫಾರಂನ ಡಾಕ್ಟರೇ ಹೇಳುತ್ತಿದ್ದರು ಎಂದೆ. ಔಷಧಿ ಎಂದ ಮೇಲೆ ಶಿವರುದ್ರಮ್ಮನವರ ಮಡಿಗೆ ದಾರಿ ಸಿಕ್ಕಿತು. ಬೀದಿಗೆ ಕಾಣದಂತೆ ಹಸಿರು ನೆಟ್ ಕಟ್ಟಬೇಕು, ಅದು ಕೂಗಬಾರದು ಎಂದು ಎರಡು ಷರತ್ತು ಹಾಕಿದರು. ನೆಟ್ ಕಟ್ಟಿದೆ. ಕೂಗುವ ವಿಷಯ ಮೇಕೆಗೆ ಬಿಟ್ಟೆ.

ಮೇಕೆ ಲಾಯದೊಳಗೆ ಕಾಲಿಟ್ಟದ್ದೇ ನೇರ ಹೋಗಿ ಪುಟ್ಟಿಯ ಹುರುಳಿಯ ತೊಟ್ಟಿಗೆ ಬಾಯಿ ಹಾಕಿತು. ಭಯ ಇಲ್ಲ, ನಾಚಿಕೆ ಇಲ್ಲ. ಪುಟ್ಟಿ ತೂಗಾಡುವುದನ್ನು ನಿಲ್ಲಿಸಿದಳು. ಕಿವಿ ಮುಂದೆ ಮಾಡಿದಳು. ಬಗ್ಗಿ ಅದರ ಬೆನ್ನು ಮೂಸಿ, ಹಲ್ಲಿನಿಂದ ಮೆಲ್ಲಗೆ ಕಚ್ಚಿದಳು. ಮೇಕೆ ತಲೆ ಎತ್ತಲಿಲ್ಲ, ಕಟಕಟನೆ ತಿನ್ನುತ್ತಲೇ ಇತ್ತು. ತನ್ನ ಪಾಲು ಹೋಗುತ್ತದೆ ಎಂದು ಪುಟ್ಟಿಗೆ ಅನಿಸಿತೋ ಏನೋ, ಅವಳೂ ಬಾಯಿ ಹಾಕಿದಳು. ಎರಡು ತಲೆ ಒಂದೇ ತೊಟ್ಟಿಯಲ್ಲಿ. ನಾನು ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ. ಅರವತ್ತೆರಡರ ವಯಸ್ಸಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ.

ಆರು ವಾರ ಸ್ವರ್ಗ. ಪುಟ್ಟಿಯ ಎಲುಬು ಮುಚ್ಚಿಕೊಂಡವು. ಮಧ್ಯಾಹ್ನ ನಾನು ಬಕೆಟ್ಟಿನಲ್ಲಿ ನೀರು ಹೊಯ್ದು ಅವಳ ಮೈ ತೊಳೆಯುತ್ತಿದ್ದೆ. ಮೇಕೆ ಜಾತಿಗೆ ನೀರೆಂದರೆ ಆಗದು. ಮೊದಲ ದಿನ ನಾಲ್ಕು ಹನಿ ಸಿಡಿದದ್ದಕ್ಕೇ ಮೈಯೆಲ್ಲ ಕೊಡವಿ ಕಾಂಪೌಂಡ್ ಹತ್ತಿ ನಿಂತಿತ್ತು. ಆದರೆ ಪುಟ್ಟಿಯನ್ನು ಬಿಟ್ಟಿರಲು ಅದಕ್ಕೂ ಆಗದು. ದಿನ ಕಳೆದಂತೆ ಹತ್ತಿರ ಬಂತು. ಮೂರನೇ ವಾರಕ್ಕೆ ಅವಳ ಹೊಟ್ಟೆಯ ಕೆಳಗೇ ನಿಂತು, ಬೆನ್ನ ಮೇಲೆ ಧಾರಾಕಾರ ನೀರು ಬೀಳುತ್ತಿದ್ದರೂ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಒಂದು ಪಕ್ಕ ಮುಗಿದರೆ ಪುಟ್ಟಿಯಂತೆ ತಾನೂ ಇನ್ನೊಂದು ಪಕ್ಕ ತಿರುಗಿಸುತ್ತಿತ್ತು. ನೋಡಿ ನಾನೊಬ್ಬನೇ ನಗುತ್ತಿದ್ದೆ.

ದೀಪಾವಳಿಗೆ ಹತ್ತು ದಿನ ಇರುವಾಗ ಚಿಕ್ಕಗಂಗಮ್ಮನ ಫೋನು ಬಂತು. ಮುಂದಿನ ಮಂಗಳವಾರ ಹರಕೆ ತೀರಿಸುವುದು, ಕುಣಿಗಲ್ಲಿನ ನೆಂಟರಿಗೆಲ್ಲ ಹೇಳಿ ಆಗಿದೆ ಎಂದಳು.

"ಬೇರೆ ಮರಿ ತಂದುಕೊಟ್ರೆ ಆಗಲ್ವೇನೆ?" ಎಂದು ಕೇಳಿದೆ.

"ಇದೇ ಅಂತ ತಾಯಿಗೆ ತೋರ್ಸಿ ದಾರ ಕಟ್ಟಿದೀನಿ ಕಣಯ್ಯ. ನಿನ್ನ ಜೀವಕ್ಕೆ ಬದ್ಲು ಅಂತ ಹೇಳಿರೋದು. ಬದಲಾಯಿಸ್ಕೊಡಿ ಅನ್ನೋಕೆ ಅದೇನ್ ಚಪ್ಪಲಿ ಅಂಗ್ಡಿನಾ?" ಎಂದಳು. ಆಮೇಲೆ ದನಿ ಇಳಿಸಿದಳು. "ಆಸ್ಪತ್ರೇಲಿ ನಿನ್ನ ಮುಖ ಹೆಂಗಿತ್ತು ಅಂತ ನಂಗೊಬ್ಬಳಿಗೇ ಗೊತ್ತು. ನಂಗೆ ಭಯ ಆಯ್ತದೆ."

ಸಾವ್ಕಾರರ ಬೆನ್ನ ಹಿಂದೆ ಉದ್ದಕ್ಕೆ ಹರಿಯುವ ನನ್ನ ನಾಲಿಗೆ ಹೆಂಡತಿಯ ಮುಂದೆ ಅಲ್ಲಾಡಲಿಲ್ಲ. ಕರುವನ್ನು ಕಾರ್ಪೆಟ್ ಮೇಲೆ ಕೂರಿಸಿದವರನ್ನು ನೋಡಿ ಮೂರು ತಿಂಗಳು ನಕ್ಕ ಗಂಡಸು ನಾನು, ಮಂಗಳವಾರ ಬೆಳಿಗ್ಗೆ ಮೇಕೆಯ ಹಗ್ಗ ಹಿಡಿದು ಲಗೇಜ್ ಆಟೋ ಹತ್ತಿದೆ. ಪುಟ್ಟಿ ಹಿತ್ತಲಿನಿಂದ ಕಿರುಚಿದ್ದು ತುಮಕೂರು ದಾಟುವವರೆಗೂ ನನ್ನ ಕಿವಿಯಲ್ಲಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೆಂಪಮ್ಮನ ಗುಡಿಯ ಗೋಡೆಯ ಮೇಲೆ ಪ್ರಾಣಿಬಲಿ ನಿಷೇಧಿಸಿದೆ ಎಂದು ದೊಡ್ಡ ಅಕ್ಷರದ ಬೋರ್ಡಿದೆ. ಬೋರ್ಡಿನಿಂದ ಇಪ್ಪತ್ತು ಹೆಜ್ಜೆಗೆ ಒಂದು ಹುಣಸೆ ಮರವಿದೆ. ಹುಣಸೆ ಮರದ ಕೆಳಗೆ ಬೋರ್ಡಿಲ್ಲ. ನೆಂಟರೆಲ್ಲ ಅಲ್ಲಿ ಸೇರಿದ್ದರು. ಹೆಂಗಸರು ಖಾರ ರುಬ್ಬಿ ಮುಗಿಸಿದ್ದರು, ಒಲೆಯ ಮೇಲೆ ಕೊಳಗದಲ್ಲಿ ನೀರು ಕಾಯುತ್ತಿತ್ತು. ನನ್ನ ಬಾಮೈದ ರುದ್ರಯ್ಯ ಮಚ್ಚು ಮಸೆಯುತ್ತ ಕೂತಿದ್ದ.

ನಮ್ಮಲ್ಲಿ ಹರಕೆಯ ಮರಿಯನ್ನು ಸುಮ್ಮನೆ ಕಡಿಯುವಂತಿಲ್ಲ. ದೇವಿ ಒಪ್ಪಬೇಕು. ಪೂಜಾರಿ ಅದರ ಬೆನ್ನ ಮೇಲೆ ತೀರ್ಥ ಹೊಯ್ಯುತ್ತಾನೆ. ಮರಿ ತಲೆಯಿಂದ ಬಾಲದವರೆಗೆ ಮೈ ಕೊಡವಿದರೆ ದೇವಿ ಒಪ್ಪಿದಳೆಂದು ಅರ್ಥ. ತಣ್ಣೀರು ಬಿದ್ದರೆ ಕೊಡವದ ಮೇಕೆ ಯಾವುದಿದೆ? ಹಾಗಾಗಿ ಕೆಂಪಮ್ಮ ಇವತ್ತಿನವರೆಗೆ ಯಾವ ಮರಿಯನ್ನೂ ಬೇಡ ಎಂದವಳಲ್ಲ. ಪೂಜಾರಿ ಕದರಯ್ಯನಿಗೆ ಎರಡನೇ ಚೊಂಬು ಎತ್ತಿ ಗೊತ್ತಿರಲಿಲ್ಲ.

ಕದರಯ್ಯ ಮೊದಲ ಚೊಂಬು ಹೊಯ್ದ. ಮೇಕೆ ಕಣ್ಣು ಮುಚ್ಚಿತು.

ಆ ಕ್ಷಣದವರೆಗೆ, ತಾಯಾಣೆಗೂ, ನನಗೆ ಅದು ಹೊಳೆದಿರಲಿಲ್ಲ.

ಎರಡನೇ ಚೊಂಬು ಕಿವಿಯ ಮೇಲೆ ಬಿತ್ತು. ಮೇಕೆ ಮೆಲುಕು ಹಾಕಲು ಶುರು ಮಾಡಿತು. ಮೂರನೆಯದು ಬಿದ್ದಾಗ ಮೆಲ್ಲಗೆ ತಿರುಗಿ ಇನ್ನೊಂದು ಪಕ್ಕ ಕೊಟ್ಟಿತು. ಕದರಯ್ಯ ಬೆವರಿದ.

"ಮನೇಲಿ ಯಾರೋ ಮೈಲಿಗೆ ಆಗಿದೀರ," ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರ್‌ವೆಲ್ಲಿನಿಂದ ಬಿಂದಿಗೆ ಬಂತು. ಬಿಂದಿಗೆಯ ನೀರು ಪೂರ್ತಿ ಸುರಿದರು. ಮೇಕೆ ಮುಖ ಎತ್ತಿ ಗಲ್ಲಕ್ಕೂ ಹಾಕಿಸಿಕೊಂಡಿತು. ರುದ್ರಯ್ಯ ಮಚ್ಚು ಕೆಳಗಿಟ್ಟು ಬೀಡಿ ಹಚ್ಚಿದ.

ಬಾಯಿ ಬಿಟ್ಟಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಇದಕ್ಕೆ ದಿನಾ ಸ್ನಾನದ ಅಭ್ಯಾಸ, ಕಿವಿಯಲ್ಲಿ ಊದಿ ನೋಡಿ, ಕೊಡವುತ್ತದೆ ಎಂದಿದ್ದರೆ ಸಾಕಿತ್ತು. ನಾನು ತುಟಿ ಕಚ್ಚಿ ನಿಂತೆ. ಹೊಟ್ಟೆಯೊಳಗೆ ನಗು ಕುದಿಯುತ್ತಿತ್ತು.

ಆಗ ಚಿಕ್ಕಗಂಗಮ್ಮನ ಮುಖ ನೋಡಿದೆ. ನಗು ಹೋಯಿತು. ಅವಳ ತುಟಿ ಬಿಳಿಚಿಕೊಂಡಿತ್ತು.

"ಬದ್ಲಿ ಜೀವ ತಾಯಿ ಒಲ್ಲೆ ಅಂತವ್ಳೆ," ಎಂದಳು. "ಹಂಗಾದ್ರೆ ಇವನ ಜೀವಾನೇ ಬೇಕಾ ಅವಳಿಗೆ?"

ನಾನು ಸತ್ಯ ಹೇಳಿದರೆ ಮೇಕೆ ಹೋಗುತ್ತದೆ, ಅದರ ಹಿಂದೆ ಪುಟ್ಟಿ ಹೋಗುತ್ತಾಳೆ. ಹೇಳದಿದ್ದರೆ ಇವಳು ಭಯದಲ್ಲಿ ಒಣಗುತ್ತಾಳೆ. ನನ್ನ ಬಾಯಿಗೆ ಬಂದದ್ದು ಮೂರನೆಯದು.

"ಹಂಗಲ್ಲ ಕಣೇ. ತಾಯಿ ನಂದೂ ಬೇಡ ಅಂದ್ಲು, ಇದರದ್ದೂ ಬೇಡ ಅಂದ್ಲು. ಇಬ್ರೂ ಬದ್ಕೊಳ್ಳಿ ಅಂತ ಬುಟ್ಟವ್ಳೆ. ಅಲ್ವಾ ಕದರಯ್ಯ?"

ಮುಳುಗುತ್ತಿದ್ದ ಕದರಯ್ಯ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತಾಯಿಯ ಬಾಯಲ್ಲಿ ಇದೇ ಮಾತು ಬಂತೆಂದು, ಇಂಥದ್ದು ನೂರು ವರ್ಷಕ್ಕೊಮ್ಮೆ ಆಗುವುದೆಂದು ಸಾರಿ ಕರ್ಪೂರ ಹಚ್ಚಿದ. ರುಬ್ಬಿದ ಖಾರವನ್ನು ಬದನೆಕಾಯಿಗೆ ಸುರಿದರು. ಕುಣಿಗಲ್ಲಿನಿಂದ ಬಂದ ನೆಂಟರು ದೇವಿಯ ಮಹಿಮೆಯನ್ನು ಬಾಯಿ ತುಂಬ ಹೊಗಳುತ್ತ ಬದನೆಕಾಯಿ ಸಾರು ಉಂಡರು. ಅವರ ಮುಖದಲ್ಲಿದ್ದ ದುಃಖವನ್ನು ನಾನು ಸಾವಿನ ಮನೆಗಳಲ್ಲೂ ಕಂಡಿಲ್ಲ. ಚಿಕ್ಕಗಂಗಮ್ಮ ಮಾತ್ರ ತುತ್ತು ಮುಟ್ಟಲಿಲ್ಲ.

ಯಾರೋ ತೆಗೆದ ವಿಡಿಯೋ ನನಗಿಂತ ಮೊದಲೇ ಶೆಟ್ಟಿಹಳ್ಳಿ ತಲುಪಿತ್ತು. ಸಂಜೆ ನಾನು ಮೇಕೆಯನ್ನು ಆಟೋದಿಂದ ಇಳಿಸಿದರೆ, ಗೇಟಿನಲ್ಲಿ ಶಿವರುದ್ರಮ್ಮನವರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಸಾವ್ಕಾರರು, ಇಸ್ತ್ರಿ ಮಾಡಿದ ಬಿಳಿ ಶರಟು. ಫೋನು ಹಿಡಿದ ನಂದಿತಾ.

"ಆರೇ ವಾರ ನಮ್ಮನೇಲಿತ್ತು ನೋಡು," ಎಂದರು ಶಿವರುದ್ರಮ್ಮನವರು, ಕಣ್ಣಲ್ಲಿ ನೀರು. "ನಮ್ಮನೆ ಸಂಸ್ಕಾರ ಅದರ ಮೈಗೂ ಹತ್ಬಿಟ್ಟಿದೆ. ಕತ್ತಿ ಕೆಳಗಿಂದ ಎದ್ದು ಬಂತು. ಒಳಗ್ ಕರ್ಕೊಂಡ್ ಬಾ, ಬಸವಣ್ಣನ ಪಕ್ಕ ಕಾರ್ಪೆಟ್ ಹಾಕ್ಸಿದೀನಿ."

ಹಸಿರು ನೆಟ್ ಆಗಲೇ ಬಿಚ್ಚಿ ಬಿಸಾಕಿದ್ದರು. ಹಿತ್ತಲಲ್ಲಿ ಪುಟ್ಟಿ ಬಾಗಿಲಿಗೆ ಒದೆಯುವ ಸದ್ದು ಕೇಳುತ್ತಿತ್ತು. ಒಂದು ದೇವರು ಬೇಡ ಎಂದ ಮೇಕೆಯನ್ನು ಇನ್ನೊಂದು ದೇವರ ಪಕ್ಕ ಕೂರಿಸಿದರೆ ಪುಟ್ಟಿಗೆ ಉಳಿಯುವುದು ಗುರುಪ್ರಕಾಶನ ಬ್ಯಾಂಡು. ಸುಳ್ಳು ಹೇಳಿ ಹೇಳಿ ಅಷ್ಟರಲ್ಲಿ ನನಗೂ ಕೈ ಕುದುರಿತ್ತು.

"ಒಳಗೆ ಬರೋ ಹಂಗಿಲ್ಲ ಅಮ್ಮಾರೆ," ಎಂದೆ. "ಹೊಸಿಲು ದಾಟ್ಬಾರ್ದು, ನೆಲದ ಮೇಲೆ, ಕಂದು ಕುದ್ರೆ ಕಾಲತ್ರಾನೇ ಮಲಗ್ಬೇಕು ಅಂತ ತಾಯಿ ಅಪ್ಪಣೆ ಆಗಿದೆ."

"ಗುಬ್ಬಿ ತಾಯಿಗೆ ನಮ್ಮನೆ ಕುದ್ರೆ ಬಣ್ಣ ಹೆಂಗ್ ಗೊತ್ತಾಯ್ತು?" ಎಂದರು ಸಾವ್ಕಾರರು. ವ್ಯಾಪಾರಸ್ಥರು, ಕೇಳಬೇಕಾದದ್ದನ್ನೇ ಕೇಳಿದರು.

"ದೇವ್ರಲ್ವಾ ಸಾವ್ಕಾರ್ರೆ," ಎಂದೆ.

ಶಿವರುದ್ರಮ್ಮನವರು ಗಂಡನ ಕಡೆ ಕಣ್ಣು ಬಿಟ್ಟರು. ಮಾತು ಅಲ್ಲಿಗೆ ನಿಂತಿತು. ಈಗ ಸೋಮವಾರ ಹಾಲಿನಲ್ಲಿ ಕರುವಿಗೆ ಆರತಿ, ಮಂಗಳವಾರ ಲಾಯದಲ್ಲಿ ಮೇಕೆಗೆ. ದೇವಿಯೇ ಹೆಸರಿಸಿದ ಕುದುರೆಯನ್ನು ಮಾರುವುದುಂಟೇ? ಗುರುಪ್ರಕಾಶ್ ಬಂದು ಪುಟ್ಟಿಗೆ ಕೈ ಮುಗಿದು ಹೋದ. ಹೊಸ ಫ್ಲೆಕ್ಸಿನಲ್ಲಿ ಮೇಕೆ ಅರ್ಧ, ಸಾವ್ಕಾರರು ಪೂರ್ತಿ.

ದೀಪಾವಳಿ ಕಳೆದ ಮೇಲೆ ಚಿಕ್ಕಗಂಗಮ್ಮ ಶೆಟ್ಟಿಹಳ್ಳಿಗೆ ಬಂದಳು. ಮಧ್ಯಾಹ್ನ. ಅವಳು ಬರುವ ವಿಷಯ ನನಗೆ ತಿಳಿದಿರಲಿಲ್ಲ, ನಾನು ಪುಟ್ಟಿಯ ಮೈ ತೊಳೆಯುತ್ತಿದ್ದೆ. ಮೇಕೆ ಎಂದಿನಂತೆ ಬಕೆಟ್ಟಿನ ಕೆಳಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮೆಲುಕು ಹಾಕುತ್ತಿತ್ತು. ತಿರುಗಿ ನೋಡಿದರೆ ಕಾಂಪೌಂಡಿನ ಪಕ್ಕ ಅವಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಮೇಕೆಯನ್ನು ನೋಡಿದಳು. ಬಕೆಟ್ಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಕದರಯ್ಯಂಗೆ ಗೊತ್ತಾ?"

"ಇಲ್ಲ."

"ತಾಯಿಗೆ?"

ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡು, ತೊಟ್ಟಿಯಲ್ಲಿ ಮುಳುಗಿಸಿ ತುಂಬಿ, ಎರಡೂ ಕೈಯಲ್ಲಿ ಎತ್ತಿ ನನ್ನ ತಲೆಯ ಮೇಲೆ ಸುರಿದಳು. ಕಾರ್ತೀಕದ ತಣ್ಣೀರು. ಖಾಲಿ ಬಕೆಟ್ಟು ಹಿಡಿದು ಎರಡು ಹೆಜ್ಜೆ ಹಿಂದೆ ಹೋಗಿ, ಉಸಿರು ಹಿಡಿದು ನನ್ನನ್ನೇ ನೋಡುತ್ತ ನಿಂತಳು.

ಅವಳು ಏನು ನೋಡುತ್ತಿದ್ದಾಳೆಂದು ನನಗೆ ತಿಳಿಯಿತು. ನೀರು ಕಿವಿಯೊಳಗೆ ಇಳಿಯಿತು, ಬೆನ್ನ ಹುರಿಯಲ್ಲಿ ಹರಿಯಿತು, ಮೂಗಿನ ತುದಿಯಲ್ಲಿ ತೊಟ್ಟಿಕ್ಕಿತು. ಊರಿನವರ ದೇವರನ್ನೆಲ್ಲ ಆಡಿಕೊಂಡ ನಾನು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಮೇಕೆಯ ಪಕ್ಕ ನೆಟ್ಟಗೆ ನಿಂತೆ. ಮೈ ಕೊಡವಲಿಲ್ಲ.